ನಡುವಿನ ಚೆಂಡು

ಇಂಚರ ಎಂಬ ಟೆನಿಸ್ ಆಟಗಾರ್ತಿ ಇದ್ದಳು. ವಯಸ್ಸು ಇಪ್ಪತ್ಮೂರು. ಓಟದಲ್ಲಿ ಅವಳನ್ನು ಹಿಡಿಯುವವರಿರಲಿಲ್ಲ. ಆದರೆ ಹಿಂದಿನ ವರ್ಷ ಮಣಿಕಟ್ಟಿಗೆ ಪೆಟ್ಟು ಬಿದ್ದು ತಿಂಗಳುಗಟ್ಟಲೆ ಮನೆಯಲ್ಲಿ ಕೂತಳು. ಕೂತವರಿಗಾಗಿ ಯಾರು ಕಾಯುತ್ತಾರೆ ಹೇಳಿ? ರ‍್ಯಾಂಕಿಂಗ್ ಪಟ್ಟಿಯಲ್ಲಿ ಅವಳ ಹೆಸರು ಜಾರುತ್ತಾ ಜಾರುತ್ತಾ ಎಲ್ಲೋ ತಳಕ್ಕೆ ಹೋಯಿತು. ಕೈ ವಾಸಿಯಾಗಿ ಮತ್ತೆ ರ‍್ಯಾಕೆಟ್ ಹಿಡಿದಾಗ ದೊಡ್ಡ ಟೂರ್ನಿಗಳಲ್ಲಿ ಅವಳಿಗೆ ಜಾಗವೇ ಇರಲಿಲ್ಲ.

ಅಂಥ ಹೊತ್ತಿನಲ್ಲಿ ಮೈಸೂರಿನ ಒಂದು ಹಳೇ ಕ್ಲಬ್ಬಿನವರು ಪ್ರದರ್ಶನ ಟೂರ್ನಿ ಏರ್ಪಡಿಸಿದರು. ಕೆಂಪು ಮಣ್ಣಿನ ಕೋರ್ಟ್. ಎಂಟು ಜೋಡಿಗಳು. ಪ್ರತಿ ಜೋಡಿಯಲ್ಲೂ ಈಗ ಆಡುತ್ತಿರುವ ವೃತ್ತಿಪರ ಆಟಗಾರರು ಒಬ್ಬರು, ಆಟ ಬಿಟ್ಟ ಹಳೇ ಚಾಂಪಿಯನ್ ಒಬ್ಬರು. ಹೆಣ್ಣು ಗಂಡು ಎಂಬ ಲೆಕ್ಕವಿಲ್ಲ, ಚೀಟಿ ಎತ್ತಿ ಜೋಡಿ ಮಾಡುವುದು. ಸೋತವರು ಮನೆಗೆ. ಗೆದ್ದ ಜೋಡಿಯ ಕಿರಿಯ ಆಟಗಾರರಿಗೆ ಮುಂದಿನ ತಿಂಗಳ ಅಂತಾರಾಷ್ಟ್ರೀಯ ಟೂರ್ನಿಯಲ್ಲಿ ನೇರ ಪ್ರವೇಶ. ಮಿಕ್ಕವರಿಗೆ ಇದು ಎರಡು ದಿನದ ಮೋಜು. ಇಂಚರಳಿಗೆ ಇದ್ದದ್ದು ಇದೊಂದೇ ದಾರಿ.

ಅವಳ ಚೀಟಿಯಲ್ಲಿ ಬಂದ ಹೆಸರು ಚೆಂಗಪ್ಪ. ಕೊಡಗಿನಿಂದ ಬಂದು ಮೈಸೂರಿನಲ್ಲೇ ನೆಲೆಸಿದವರು, ಒಂದು ಕಾಲಕ್ಕೆ ರಾಷ್ಟ್ರೀಯ ಚಾಂಪಿಯನ್. ಈಗ ಅರವತ್ತೆಂಟು ವರ್ಷ. ದಪ್ಪ ಬಿಳಿ ಮೀಸೆ, ನೆಟ್ಟಗಿನ ಬೆನ್ನು, ಬಲ ಮಂಡಿಗೆ ಬಿಗಿದು ಕಟ್ಟಿದ ಪಟ್ಟಿ.

ಇಂಚರಳ ಕಣ್ಣು ಮೊದಲು ಹೋದದ್ದು ಆ ಪಟ್ಟಿಯ ಮೇಲೆ. ಇವರಿಂದ ಓಡಲಾಗುತ್ತದೆಯೇ ಎಂದುಕೊಂಡಳು. ಆದರೂ ಸಂಸ್ಕಾರವಂತ ಹುಡುಗಿ, ಬಗ್ಗಿ ಕಾಲಿಗೆ ನಮಸ್ಕರಿಸಿದಳು.

“ಸರ್, ನೀವೇನೂ ಆಯಾಸ ಮಾಡ್ಕೋಬೇಡಿ. ನೆಟ್ ಹತ್ರ ನಿಂತಿದ್ರೆ ಸಾಕು. ಮಿಕ್ಕಿದ್ದೆಲ್ಲ ನಾನು ನೋಡ್ಕೋತೀನಿ,” ಎಂದಳು.

“ಹಾಗಾದ್ರೆ ನಾನು ರ‍್ಯಾಕೆಟ್ ತರೋದು ಬೇಡ್ವೇನಮ್ಮ?” ಎಂದರು ಚೆಂಗಪ್ಪನವರು.

ಅವರು ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡು ಇಂಚರ ನಕ್ಕಳು. ಅವರು ನಗಲಿಲ್ಲ.

ಮಕ್ಕಳೇ, ಹಿರಿಯರನ್ನು ಗೌರವಿಸುವುದನ್ನು ನಾವು ಬಹಳ ಸುಲಭ ಮಾಡಿಕೊಂಡಿದ್ದೇವೆ. ತಲೆಗೊಂದು ಪೇಟ, ಹೆಗಲಿಗೊಂದು ಶಾಲು, ಕೈಗೊಂದು ಹಣ್ಣಿನ ಬುಟ್ಟಿ, ಮುಂದಿನ ಸಾಲಿನಲ್ಲಿ ಒಂದು ಕುರ್ಚಿ. ಕೂರಿಸಿಬಿಟ್ಟರೆ ಮುಗಿಯಿತು, ಮತ್ತೆ ಅವರ ಕಡೆ ತಿರುಗಿ ನೋಡಬೇಕಾಗಿಲ್ಲ. ಆ ದಿನ ಬೆಳಿಗ್ಗೆಯೂ ಎಂಟು ಚಾಂಪಿಯನ್ನರಿಗೆ ಶಾಲು ಹೊದಿಸಿ, ಫೋಟೊ ತೆಗೆದು ಆಗಿತ್ತು. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಉಣ್ಣೆಯ ಶಾಲು! ಹೊದಿಸಿದವರಿಗೆ ಬೆವರಲಿಲ್ಲ, ಅಷ್ಟೇ.

ಟೂರ್ನಿಯಲ್ಲಿ ಹಿರಿಯರಿಗೆ ತೊಂದರೆಯಾಗದಿರಲೆಂದು ಒಂದು ನಿಯಮ ಮಾಡಿದ್ದರು. ಸಾಮಾನ್ಯವಾಗಿ ಟೆನಿಸ್‌ನಲ್ಲಿ ನಡುನಡುವೆ ಎರಡೂ ಕಡೆಯವರು ಜಾಗ ಬದಲಾಯಿಸುತ್ತಾರೆ. ಇಲ್ಲಿ ಒಂದು ಸೆಟ್ ಪೂರ್ತಿ ಒಂದೇ ಕಡೆ ಆಡುವುದು. ಸೆಟ್ ಮುಗಿದ ಮೇಲೆ ಮಣ್ಣು ಸಮ ಮಾಡಿ, ಆಮೇಲೆ ಜಾಗ ಬದಲಾಯಿಸುವುದು. ಈ ನಿಯಮವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮೊದಲ ಪಂದ್ಯ ಶುರುವಾಯಿತು. ಡಬಲ್ಸ್‌ನಲ್ಲಿ ಇಬ್ಬರೂ ಸರದಿಯ ಪ್ರಕಾರ ಸರ್ವ್ ಮಾಡಲೇಬೇಕು, ತಮ್ಮ ಪಾಲಿಗೆ ಬಂದ ಸರ್ವನ್ನು ತಾವೇ ಹಿಂದಿರುಗಿಸಬೇಕು. ಅಷ್ಟನ್ನು ಚೆಂಗಪ್ಪನವರಿಗೆ ಬಿಟ್ಟು, ಅಲ್ಲಿಂದಾಚೆಗೆ ಬಂದ ಚೆಂಡನ್ನೆಲ್ಲ ಇಂಚರ ತಾನೇ ಹೊಡೆದಳು. ಎಡಕ್ಕೆ ಬಂದರೂ ಅವಳೇ, ಬಲಕ್ಕೆ ಬಂದರೂ ಅವಳೇ. ಇಬ್ಬರ ನಡುವೆ ಬಂದ ಚೆಂಡಂತೂ ಸರಿಯೇ ಸರಿ. “ನಂದು! ನಂದು!” ಎಂದು ಕೂಗುತ್ತಾ ಓಡಿ ಬರುವಳು. ಚೆಂಗಪ್ಪನವರು ಎತ್ತಿದ ರ‍್ಯಾಕೆಟ್ ಇಳಿಸಿ ಪಕ್ಕಕ್ಕೆ ಸರಿಯುವರು. ಜನ ಚಪ್ಪಾಳೆ ತಟ್ಟಿದರು. ಪಂದ್ಯ ಗೆದ್ದಾಯಿತು.

ಆಟ ಮುಗಿದ ಕೂಡಲೇ ಚೆಂಗಪ್ಪನವರು ಕೋರ್ಟಿನ ಮೂಲೆಗೆ ಹೋಗಿ, ಅಲ್ಲಿದ್ದ ಅಗಲವಾದ ನಾರಿನ ಚಾಪೆಯ ಹಗ್ಗ ಹಿಡಿದರು. ಮಣ್ಣಿನ ಮೇಲೆ ಎಳೆದು ಅದನ್ನು ಸಮ ಮಾಡುವ ಚಾಪೆ ಅದು. ಇಂಚರ ಓಡಿ ಬಂದು ತಡೆದಳು.

“ಅಯ್ಯೋ ಬಿಡಿ ಸರ್, ಕೆಲಸದವರಿದ್ದಾರೆ.”

“ಇರ್ಲಿ ಬಿಡಮ್ಮ. ನಮ್ಮ ಕಾಲದಲ್ಲಿ ಈ ಕ್ಲಬ್ಬಲ್ಲಿ ಒಂದು ಪದ್ಧತಿ ಇತ್ತು. ಆಡಿದವರೇ ಗುಡಿಸ್ಬೇಕು. ರಾಜ್ಯಕ್ಕೆ ಚಾಂಪಿಯನ್ ಆದ್ರೂ ಸರಿ, ನಿನ್ನೆ ಸೇರಿದವನಾದ್ರೂ ಸರಿ.”

“ನಿಮ್ಮ ಮಂಡಿ ಸರ್...”

“ಮಂಡಿ ನಂದು,” ಎಂದು ಹೇಳಿ ಅವರು ಚಾಪೆ ಎಳೆದುಕೊಂಡು ಹೊರಟರು. ಇಂಚರಳಿಗೆ ಪಾಪ ಅನ್ನಿಸಿತು. ಮುದುಕರ ಹಟ ಎಂದುಕೊಂಡು ಚೀಲ ಹೆಗಲಿಗೇರಿಸಿ ಹೋದಳು.

ಸಂಜೆಯ ಪಂದ್ಯ ಸೆಮಿಫೈನಲ್. ಎದುರಾಳಿಗಳು ಬುದ್ಧಿವಂತರು. ಈ ಹುಡುಗಿ ಇಡೀ ಕೋರ್ಟನ್ನು ಗುತ್ತಿಗೆ ಹಿಡಿದಿದ್ದಾಳೆ ಎಂದು ಅವರಿಗೆ ಬೇಗ ತಿಳಿಯಿತು. ಒಂದು ಚೆಂಡನ್ನು ಚೆಂಗಪ್ಪನವರ ಕಡೆ ಕಳಿಸುವರು. ಇಂಚರ ಅತ್ತ ಓಡುವಳು. ಮುಂದಿನದನ್ನು ಅವಳು ಬಿಟ್ಟು ಬಂದ ಜಾಗಕ್ಕೆ ಕಳಿಸುವರು. ಅವಳು ಮತ್ತೆ ಇತ್ತ ಓಡುವಳು. ಗಾಣದ ಎತ್ತಿಗಾದರೂ ಒಂದೇ ದಿಕ್ಕು ಇರುತ್ತದೆ, ಇವಳಿಗೆ ಅದೂ ಇರಲಿಲ್ಲ. ಎರಡನೇ ಸೆಟ್ ಮುಗಿಯುವ ಹೊತ್ತಿಗೆ ಅವಳ ತೊಡೆ ಹಿಡಿದುಕೊಂಡಿತ್ತು. ಕೊನೆಗೆ ಎದುರಾಳಿ ಹೊಡೆದ ಸುಲಭದ ಚೆಂಡೊಂದು ಹೊರಗೆ ಬಿದ್ದು, ಹೇಗೋ ಗೆದ್ದರು. ಫೈನಲ್ ಮರುದಿನ ಬೆಳಿಗ್ಗೆ.

ಇಂಚರ ಬೆಂಚಿನ ಮೇಲೆ ಕುಸಿದು, ತೊಡೆಗೆ ಐಸ್ ಇಟ್ಟುಕೊಂಡು ಕೂತಳು. ಚೆಂಗಪ್ಪನವರು ಚಾಪೆಯ ಹಗ್ಗ ಹಿಡಿದರು. ಆದರೆ ಈ ಸಲ ಎಳೆಯಲಿಲ್ಲ.

“ಇಂಚರ, ಸ್ವಲ್ಪ ಇಲ್ಲಿ ಬಾಮ್ಮ. ಗುಡಿಸೋಕೆ ಮುಂಚೆ ನೋಡು.”

“ಏನು ಸರ್?”

“ನೆಲ ನೋಡು.”

ಕೆಂಪು ಮಣ್ಣಿನ ಮೇಲೆ ಕೊನೆಯ ಸೆಟ್ಟಿನ ಹೆಜ್ಜೆಗಳೆಲ್ಲ ಹಾಗೇ ಮೂಡಿದ್ದವು. ಆ ಕಡೆ ಆಡಿದವರು ಇವರಿಬ್ಬರೇ ಆದ್ದರಿಂದ ಬೇರೆಯವರ ಗುರುತು ಬೆರೆತಿರಲಿಲ್ಲ. ಇಂಚರಳ ಬೂಟಿನದು ಚಿಕ್ಕ ಗುರುತು, ಚೆಂಗಪ್ಪನವರದು ದೊಡ್ಡದು. ಇಂಚರ ನೋಡಿದಳು. ಬಲಗಡೆ ಅವಳ ಹೆಜ್ಜೆ. ಎಡಗಡೆ ಚೆಂಗಪ್ಪನವರ ಪಾಲಿನ ಜಾಗ, ಅಲ್ಲೂ ಅವಳದೇ ಹೆಜ್ಜೆ. ಹಿಂದೆ, ಮುಂದೆ, ಅಡ್ಡ, ಜಾರಿ ಗೀಚಿದ ಉದ್ದುದ್ದ ಗೆರೆಗಳು. ಸರ್ವ್ ಮಾಡಿದ, ಹಿಂದಿರುಗಿಸಿದ ಜಾಗ ಬಿಟ್ಟರೆ ಆ ದೊಡ್ಡ ಬೂಟಿನ ಗುರುತುಗಳು ನೆಟ್ ಹತ್ತಿರದ ಒಂದು ಮೂಲೆಯಲ್ಲಿ ಗುಂಪಾಗಿ ನಿಂತಿದ್ದವು. ಬಸ್ ಸ್ಟಾಪಿನಲ್ಲಿ ಬಸ್ಸಿಗೆ ಕಾದವರ ಹೆಜ್ಜೆಗಳ ಹಾಗೆ.

“ಇದರಲ್ಲಿ ನಾನೆಲ್ಲಿದ್ದೀನಮ್ಮ?” ಎಂದು ಕೇಳಿದರು ಚೆಂಗಪ್ಪನವರು.

ಇಂಚರ ಆ ಮೂಲೆಯ ಗುರುತುಗಳನ್ನೇ ನೋಡಿದಳು.

“ಎರಡು ತಿಂಗಳಿಂದ ಮನೆ ಗೋಡೆಗೆ ಚೆಂಡು ಹೊಡೀತಿದ್ದೀನಿ. ಪಕ್ಕದ ಮನೆಯವರ ಹತ್ರ ಬೈಸ್ಕೊಂಡಿದ್ದೀನಿ. ಅದೆಲ್ಲ ಶಾಲಿಗೋಸ್ಕರ ಅಲ್ಲ. ಶಾಲು ಬೀರು ತುಂಬಾ ಇದೆ, ನುಸಿ ತಿಂತಾ ಇದೆ. ಇನ್ನೊಂದು ಸಲ ಆಡ್ಬೇಕು ಅಂತಿತ್ತು, ಅದಕ್ಕೆ ಬಂದೆ.”

“ಸರ್, ನಾನು ನಿಮಗೆ ಕಷ್ಟ ಆಗ್ಬಾರ್ದು ಅಂತ... ಗೌರವದಿಂದಲೇ...”

“ಗೊತ್ತು ಕಣಮ್ಮ. ನೀನು ಒಳ್ಳೇ ಹುಡುಗಿ. ಅದಕ್ಕೇ ಬೈತಿಲ್ಲ, ತೋರಿಸ್ತಿದ್ದೀನಿ. ನನಗೆ ಓಡಕ್ಕಾಗಲ್ಲ, ನಿಜ. ಆದ್ರೆ ಕೈ ಇನ್ನೂ ಕೈಯೇ. ನಾನು ನೆಟ್ ಹತ್ರ ನಿಂತಾಗ ನಡುವೆ ಬರೋ ಚೆಂಡು ನನಗೆ ಎರಡೇ ಹೆಜ್ಜೆ. ನಿನಗೆ ಅದು ಹಿಂದಿನಿಂದ ಓಡಿ ಬರೋ ದೂರ. ನಡುವಿನದು ನನಗೆ ಕೊಡು. ಉದ್ದಕ್ಕೆ, ಹಿಂದಕ್ಕೆ ಹೋಗೋದೆಲ್ಲ ನಿಂದು.”

ಇಂಚರಳ ಮುಖ ಕೆಂಪಾಯಿತು. ನಾಚಿಕೆಯೂ ಆಯಿತು, ಭಯವೂ ಆಯಿತು. ಭಯ ಯಾಕೆಂದರೆ, ನಾಳೆಯ ಪಂದ್ಯ ಗೆದ್ದರಷ್ಟೇ ಅವಳಿಗೆ ಆ ಪ್ರವೇಶ. ಅದನ್ನು ಅರವತ್ತೆಂಟು ವರ್ಷದ ಕೈಗೆ ಒಪ್ಪಿಸುವುದು ಸುಲಭದ ಮಾತೇ? ಆದರೂ ನೆಲದ ಮೇಲೆ ಬರೆದಿದ್ದುದನ್ನು ಅಲ್ಲಗಳೆಯಲು ಆಗಲಿಲ್ಲ. “ಆಗಲಿ ಸರ್,” ಎಂದಳು. ಕುಂಟುತ್ತಲೇ ಬಂದು ಹಗ್ಗದ ಇನ್ನೊಂದು ತುದಿ ಹಿಡಿದಳು. ಇಬ್ಬರೂ ಸೇರಿ ಕೋರ್ಟ್ ಗುಡಿಸಿದರು.

ಮರುದಿನ ಫೈನಲ್. ಎದುರಿಗೆ ಸಮ್ಯಕ್ ಎಂಬ ಎತ್ತರದ ಹುಡುಗ, ಅವನ ಸರ್ವ್ ಬಂದರೆ ಕಣ್ಣಿಗೆ ಕಾಣುತ್ತಿರಲಿಲ್ಲ. ಅವನ ಜೊತೆಗಾರ್ತಿ ಮಂಗಳೂರಿನ ಐರಿನ್ ಲೋಬೊ, ಚೆಂಗಪ್ಪನವರ ಕಾಲದ ಮಹಿಳಾ ಚಾಂಪಿಯನ್. ಆಕೆ ನೆಟ್ ಹತ್ತಿರ ಬಂದು ಕೈ ಕುಲುಕಿ, “ಏನು ಚೆಂಗಪ್ಪ, ನಿನ್ನೆಯೆಲ್ಲ ನೀವು ಕಂಬದ ಹಾಗೆ ನಿಂತದ್ದು ನೋಡಿದೆ. ಇವತ್ತು ಆಡುವುದುಂಟಾ?” ಎಂದು ಕೇಳಿದರು.

“ಇವತ್ತು ರಜ ಮುಗೀತು ಐರಿನ್,” ಎಂದರು ಚೆಂಗಪ್ಪನವರು.

ಮಾತು ಕೊಟ್ಟ ಹಾಗೆ ನಡೆದುಕೊಳ್ಳುವುದು ಎಷ್ಟು ಕಷ್ಟ ಎಂದು ಇಂಚರಳಿಗೆ ಆ ಬೆಳಿಗ್ಗೆ ತಿಳಿಯಿತು. ನಡುವೆ ಚೆಂಡು ಬಂದಾಗಲೆಲ್ಲ ಕಾಲು ತಾನಾಗಿ ಮುಂದೆ ಹೋಗುತ್ತಿತ್ತು, ಬಾಯಿ ತಾನಾಗಿ “ನಂ...” ಎನ್ನುತ್ತಿತ್ತು. ಎರಡು ಸಲ ಅವಳೂ ಅವರೂ ಒಟ್ಟಿಗೆ ನುಗ್ಗಿ, ರ‍್ಯಾಕೆಟ್ಟಿಗೆ ರ‍್ಯಾಕೆಟ್ ತಗುಲಿ, ಚೆಂಡು ಇಬ್ಬರಿಗೂ ಸಿಗದೆ ಹೋಯಿತು. ಜನ ನಕ್ಕರು. ಮೊದಲ ಸೆಟ್ ಕೈಬಿಟ್ಟಿತು.

ಸೆಟ್ ಮುಗಿದಾಗ ಟೂರ್ನಿಯ ವ್ಯವಸ್ಥಾಪಕರು ಇಂಚರಳ ಹತ್ತಿರ ಬಂದು ಮೆಲ್ಲಗೆ ಹೇಳಿದರು: “ನಿನ್ನೆ ಆಡಿದ ಹಾಗೇ ಆಡಮ್ಮ. ಹಿರಿಯರು ಬಂದಿದ್ದೇ ದೊಡ್ಡದು. ಅವರನ್ನ ಯಾಕೆ ಸುಮ್ನೆ ತೊಂದರೆಗೆ ಹಾಕ್ತೀಯಾ?”

ಇಂಚರ ಮಣ್ಣು ಸಮ ಮಾಡುವವರ ಕೈಯಿಂದ ಹಗ್ಗದ ತುದಿ ಇಸಿದುಕೊಂಡಳು. ಗುಡಿಸುವ ಮೊದಲು ನೆಲ ನೋಡಿದಳು. ತನ್ನ ಹೆಜ್ಜೆಗಳು ನಡುಗೆರೆಯನ್ನು ದಾಟಿ ಅಲ್ಲಲ್ಲಿ ಅವರ ಕಡೆ ಇಣುಕಿದ್ದವು. ಹಿಂದಿನ ದಿನಕ್ಕಿಂತ ವಾಸಿ, ಆದರೆ ಪೂರ್ತಿ ಹೋಗಿರಲಿಲ್ಲ. ಸರಿ ಎಂದುಕೊಂಡು ಹೊಸ ಕಡೆಗೆ ನಡೆದಳು.

ಎರಡನೇ ಸೆಟ್‌ನಲ್ಲಿ ಅವಳು ಹಿಂದಿನ ಗೆರೆಯ ಹತ್ತಿರವೇ ಉಳಿದಳು. ಆಗ ಒಂದು ಸೋಜಿಗ ನಡೆಯಿತು. ತನಗೆ ಬೇಕಾದ ಚೆಂಡನ್ನು ಹೊಡೆಯಲು ಅವಳಿಗೆ ಸಮಯ ಸಿಕ್ಕಿತು! ನಿಂತು, ನೋಡಿ, ಬಲವಾಗಿ ಬಾರಿಸಿದಳು. ಅವಳ ಹೊಡೆತಕ್ಕೆ ತಬ್ಬಿಬ್ಬಾದ ಎದುರಾಳಿಗಳು ಚೆಂಡನ್ನು ಹೇಗೋ ನಡುವೆ ತಳ್ಳುವರು. ಅಲ್ಲಿ ಚೆಂಗಪ್ಪನವರು ಎರಡು ಹೆಜ್ಜೆ ಇಟ್ಟು, ರ‍್ಯಾಕೆಟ್ ಒಡ್ಡುವರು. ಬೀಸುವುದಿಲ್ಲ, ಒಡ್ಡುವುದು ಅಷ್ಟೇ. ಚೆಂಡು ನೆಟ್ಟಿನಾಚೆ ಮೆತ್ತಗೆ ಬಿದ್ದು, ಅಲ್ಲೇ ಸತ್ತುಹೋಗುವುದು.

“ಅರೆ, ಇದು ಹಳೇ ಚೆಂಗಪ್ಪ!” ಎಂದು ಐರಿನ್ ಆ ಕಡೆಯಿಂದ ಕೂಗಿ ಹೇಳಿದರು. ತನ್ನ ವಿರುದ್ಧ ಅಂಕ ಹೋದರೂ ಆಕೆಯ ಮುಖ ಅರಳಿತ್ತು. ಎರಡನೇ ಸೆಟ್ ಇವರದಾಯಿತು.

ಮೂರನೇ ಸೆಟ್ಟಿನ ಬದಲು ನಿರ್ಣಾಯಕ ಆಟ. ಮೊದಲು ಹತ್ತು ಅಂಕ ಗಳಿಸಿದವರು ಗೆದ್ದ ಹಾಗೆ, ಆದರೆ ಎರಡು ಅಂಕದ ಅಂತರ ಇರಬೇಕು. ಒಂದು ಅಂಕ ಇವರಿಗೆ, ಒಂದು ಅವರಿಗೆ, ಹೀಗೇ ಜಗ್ಗಾಡಿ ಇಂಚರಳ ಜೋಡಿ ಒಂಬತ್ತಕ್ಕೆ ಬಂತು, ಅವರದು ಎಂಟು. ಇನ್ನೊಂದು ಅಂಕ ಸಿಕ್ಕಿದರೆ ಪಂದ್ಯ, ಪ್ರವೇಶ, ಕಳೆದ ಒಂದು ವರ್ಷ ಕಂಡ ಕನಸು ಎಲ್ಲವೂ ಅವಳದು.

ಸಮ್ಯಕ್ ಹೊಡೆದ ಚೆಂಡು ಮೇಲೆದ್ದು, ನಿಧಾನವಾಗಿ, ಸರಿಯಾಗಿ ಇಬ್ಬರ ನಡುವೆ ಬಂತು. ಇಂಚರ ಅದರ ಹಿಂದೆಯೇ ಇದ್ದಳು. ಕಣ್ಣು ಮುಚ್ಚಿ ಹೊಡೆದರೂ ಹೋಗುವ ಚೆಂಡು. ಅಷ್ಟರಲ್ಲಿ ಚೆಂಗಪ್ಪನವರು “ನಂದು!” ಎಂದರು. ಅವಳು ಕೈ ತಡೆದು ನಿಂತಳು.

ಚೆಂಗಪ್ಪನವರ ರ‍್ಯಾಕೆಟ್ಟಿಗೆ ತಗುಲಿದ ಚೆಂಡು ನೆಟ್ಟಿಗೆ ಬಡಿದು, ಇವರ ಕಡೆಯೇ ಉರುಳಿತು. ಒಂಬತ್ತು–ಒಂಬತ್ತು.

ಜನರೆಲ್ಲ ಒಟ್ಟಿಗೆ “ಅಯ್ಯೋ!” ಎಂದರು. ಸುಳ್ಳು ಯಾಕೆ ಹೇಳಲಿ, ಆ ಕ್ಷಣ ಇಂಚರಳಿಗೆ ಮುದುಕರ ಮೇಲೆ ಕೋಪ ಬಂತು. ನನಗೆ ಸಿಗುತ್ತಿತ್ತು, ನನಗೇ ಸಿಗುತ್ತಿತ್ತು ಎಂದು ಮನಸ್ಸು ಕಿರುಚಿತು.

ಚೆಂಗಪ್ಪನವರು ತಲೆ ತಗ್ಗಿಸಿ ಅವಳ ಹತ್ತಿರ ಬಂದರು. ಮೀಸೆಯ ಮೇಲೆ ಬೆವರು. ಎರಡು ದಿನದಲ್ಲಿ ಮೊದಲ ಸಲ ಅವರು ಅರವತ್ತೆಂಟು ವರ್ಷದವರ ಹಾಗೆ ಕಂಡರು.

“ತಪ್ಪಾಯ್ತು ಕಣಮ್ಮ. ಇದು ನಿನ್ನ ಜೀವನದ ಪ್ರಶ್ನೆ. ಇನ್ನು ಮೇಲೆ ಎಲ್ಲಾ ನೀನೇ ತಗೋ. ನಾನು ಮೂಲೆಗೆ ನಿಂತ್ಕೋತೀನಿ.”

ಮಕ್ಕಳೇ, ಹಿಂದಿನ ದಿನ ಅವಳು ಬಯಸಿದ್ದು ಇದೇ ಮಾತು. ಈಗ ಅವರೇ ಬಾಯಿಬಿಟ್ಟು ಹೇಳುತ್ತಿದ್ದಾರೆ. ಹೂಂ ಎಂದರೆ ಸಾಕು, ಯಾರೂ ಅವಳದು ತಪ್ಪು ಎನ್ನುವುದಿಲ್ಲ. ಅವಳ ಬಾಯಿಗೆ ಆ ಹೂಂ ಬಂದೂ ಇತ್ತು. ಆದರೆ ಅವರ ಮುಖ ನೋಡಿದಳು. ನಿನ್ನೆ ಆ ಮೂಲೆಯಲ್ಲಿ ಗುಂಪಾಗಿ ನಿಂತಿದ್ದ ಹೆಜ್ಜೆಗಳು ನೆನಪಾದವು. ಅವರನ್ನು ಆ ಮೂಲೆಗೆ ತಳ್ಳಿದ್ದರಿಂದಲೇ ಎದುರಾಳಿಗಳು ತನ್ನನ್ನು ಓಡಾಡಿಸಿ ಕುಂಟುವ ಹಾಗೆ ಮಾಡಿದ್ದೂ ನೆನಪಾಯಿತು.

“ಇಲ್ಲ ಸರ್,” ಎಂದಳು. “ನಡುವಿನದು ನಿಮ್ಮದೇ. ನೀವೇ ಹೇಳಿದ್ದು.”

“ಈಗ ತಾನೇ ಬಿಟ್ಟೆನಲ್ಲಮ್ಮ!”

“ನಾನು ಬೆಳಿಗ್ಗೆಯಿಂದ ಎಷ್ಟು ಬಿಟ್ಟಿದ್ದೀನಿ ಸರ್, ನೀವೇನಾದ್ರೂ ಅಂದ್ರಾ?”

ಚೆಂಗಪ್ಪನವರು ಮಂಡಿಯ ಪಟ್ಟಿಯನ್ನು ಇನ್ನೊಮ್ಮೆ ಬಿಗಿದುಕೊಂಡು ತಮ್ಮ ಜಾಗಕ್ಕೆ ಹೋದರು.

ಮುಂದಿನ ಅಂಕವನ್ನು ಇಂಚರ ಹಿಂದಿನ ಗೆರೆಯಿಂದ ಹೊಡೆದ ನೇರ ಹೊಡೆತದಿಂದ ಗೆದ್ದಳು. ಹತ್ತು–ಒಂಬತ್ತು. ಮತ್ತೆ ಒಂದೇ ಅಂಕ ಬಾಕಿ.

ಸಮ್ಯಕ್ ಮೂರ್ಖನಲ್ಲ. ಮುದುಕರು ಒಮ್ಮೆ ತಪ್ಪಿದ್ದಾರೆ, ಮನಸ್ಸು ಅಳುಕಿರುತ್ತದೆ ಎಂದು ಅವನಿಗೆ ಗೊತ್ತು. ಬೇಕೆಂದೇ ಚೆಂಡನ್ನು ಮತ್ತೆ ನಡುವೆ ಬಾರಿಸಿದ. ಈ ಸಲ ನಿಧಾನವಾಗಿ ಬರಲಿಲ್ಲ, ಸುಯ್ಯೆಂದು ಬಂತು. ಇಂಚರಳಿಗೆ ಅದು ಸಿಗುತ್ತಿತ್ತು. ಕಾಲು ಮುಂದೆ ಹೊರಟೂ ಇತ್ತು.

“ನಂದು,” ಎಂದರು ಚೆಂಗಪ್ಪನವರು. ದನಿ ಚಿಕ್ಕದಿತ್ತು, ಆದರೆ ಕೇಳಿಸಿತು.

ಇಂಚರ ಅರ್ಧ ಹೆಜ್ಜೆ ಹಿಂದಕ್ಕೆ ಸರಿದಳು.

ಚೆಂಗಪ್ಪನವರು ಎರಡು ಹೆಜ್ಜೆ ಇಟ್ಟರು. ರ‍್ಯಾಕೆಟ್ ಒಡ್ಡಿದರು. ಅಷ್ಟು ಜೋರಾಗಿ ಬಂದ ಚೆಂಡು ಅವರ ರ‍್ಯಾಕೆಟ್ಟಿನಲ್ಲಿ ಎಲ್ಲ ಸಿಟ್ಟು ಇಳಿಸಿಕೊಂಡು, ನೆಟ್ಟನ್ನು ಸವರಿಕೊಂಡು ಆಚೆ ಬಿತ್ತು. ಸಮ್ಯಕ್ ಉದ್ದ ಕಾಲು ಚಾಚಿ ಜಾರುತ್ತಾ ಬಂದ. ಅವನು ತಲುಪುವ ಮೊದಲೇ ಚೆಂಡು ಎರಡನೇ ಸಲ ನೆಲ ಮುಟ್ಟಿತ್ತು.

ಜನ ಎದ್ದು ನಿಂತರು. ಐರಿನ್ ನೆಟ್ಟಿನ ಆಚೆಯಿಂದಲೇ ರ‍್ಯಾಕೆಟ್ಟಿಗೆ ಅಂಗೈ ತಟ್ಟಿ ಚಪ್ಪಾಳೆ ಹೊಡೆದರು. ಇಂಚರ ಓಡಿಹೋಗಿ ಚೆಂಗಪ್ಪನವರನ್ನು ತಬ್ಬಿಕೊಂಡು ಅತ್ತೇಬಿಟ್ಟಳು. ಅವರೂ ಅತ್ತರು, ಆದರೆ ಮೀಸೆ ದಪ್ಪವಾದ್ದರಿಂದ ಯಾರಿಗೂ ಗೊತ್ತಾಗಲಿಲ್ಲ ಎಂದುಕೊಂಡಿದ್ದಾರೆ.

ವ್ಯವಸ್ಥಾಪಕರು ಕೈಯಲ್ಲಿ ಇನ್ನೊಂದು ಶಾಲು ಹಿಡಿದು, ಹಿಂದೆ ಕುರ್ಚಿ ಹೊತ್ತವನನ್ನು ಕರೆದುಕೊಂಡು ಬಂದರು. “ಬನ್ನಿ ಸಾರ್, ಕೂತ್ಕೊಳ್ಳಿ, ಸುಸ್ತಾಗಿರುತ್ತೆ. ಫೋಟೊ ತೆಗೀಬೇಕು.”

“ಒಂದು ನಿಮಿಷ ಇರಿ ಸರ್,” ಎಂದಳು ಇಂಚರ. “ನಮ್ಮ ಕೆಲಸ ಇನ್ನೂ ಮುಗಿದಿಲ್ಲ.”

ಅವಳು ಹೋಗಿ ನಾರಿನ ಚಾಪೆ ಎಳೆದು ತಂದಳು. ಹಗ್ಗದ ಒಂದು ತುದಿ ತಾನು ಹಿಡಿದು, ಇನ್ನೊಂದನ್ನು ಚೆಂಗಪ್ಪನವರ ಕೈಗೆ ಕೊಟ್ಟಳು. ಮಂಡಿ ನೋಯುತ್ತದೆ ಎಂದು ಈ ಸಲ ಅವಳು ಹೇಳಲಿಲ್ಲ. ಇಬ್ಬರೂ ಹೊರಡುವ ಮೊದಲು ನೆಲ ನೋಡಿದರು. ಹಿಂದೆಲ್ಲ ಚಿಕ್ಕ ಹೆಜ್ಜೆಗಳು, ಮುಂದೆ ದೊಡ್ಡವು. ನಡುವೆ, ಕೊನೆಯ ಚೆಂಡು ಬಂದ ಜಾಗದಲ್ಲಿ, ಮುಂದೆ ನುಗ್ಗಿದ ದೊಡ್ಡ ಬೂಟಿನ ಎರಡು ಗುರುತು. ಅದರ ಹಿಂದೆ, ಚಿಕ್ಕ ಬೂಟೊಂದು ಹಿಂದಕ್ಕೆ ಸರಿದು ಗೀಚಿದ ಗೆರೆ.

ಚೆಂಗಪ್ಪನವರು ಆ ಗೆರೆಯನ್ನು ರ‍್ಯಾಕೆಟ್ಟಿನ ತುದಿಯಿಂದ ತೋರಿಸಿದರು.

“ಪಂದ್ಯ ಗೆದ್ದದ್ದು ಇದು ಕಣಮ್ಮ. ನನ್ನ ಹೊಡೆತ ಆಮೇಲಿನದು.”

ಆ ಗೆರೆಯನ್ನು ಅಳಿಸಲು ಇಂಚರಳಿಗೆ ಮನಸ್ಸಾಗಲಿಲ್ಲ. ಆದರೆ ಪದ್ಧತಿ ಪದ್ಧತಿಯೇ. ಮುಂದೆ ಆಡುವವರಿಗೆ ಹಸನಾದ ನೆಲ ಬಿಟ್ಟುಕೊಡಬೇಕು. ಇಬ್ಬರೂ ಚಾಪೆ ಎಳೆಯುತ್ತಾ ಹೊರಟರು. ಕುರ್ಚಿ ಹೊತ್ತವನು ಅಲ್ಲೇ ನಿಂತಿದ್ದ. ಕೊನೆಗೆ ಸುಸ್ತಾಗಿ ಆ ಕುರ್ಚಿಯಲ್ಲಿ ವ್ಯವಸ್ಥಾಪಕರೇ ಕೂತರು. ಶಾಲು ಅವರ ತೊಡೆಯ ಮೇಲಿತ್ತು.

ಮುಂದಿನ ತಿಂಗಳ ಟೂರ್ನಿಯಲ್ಲಿ ಇಂಚರ ಎರಡು ಸುತ್ತು ಗೆದ್ದು ಮೂರನೆಯದರಲ್ಲಿ ಸೋತಳು. ಸೋತರೂ ಪಟ್ಟಿಯಲ್ಲಿ ಅವಳ ಹೆಸರು ಮೇಲಕ್ಕೆ ಬಂತು. ಈಗ ಅವಳು ಊರಿನಲ್ಲಿದ್ದಾಗಲೆಲ್ಲ ಬೆಳಿಗ್ಗೆ ಚೆಂಗಪ್ಪನವರ ಮನೆಗೆ ಹೋಗಿ ಅವರನ್ನು ಕ್ಲಬ್ಬಿಗೆ ಕರೆದುಕೊಂಡು ಬರುತ್ತಾಳೆ. ನೆಟ್ ಹತ್ತಿರ ನಿಂತು ಅವರು ಅವಳಿಗೆ ಆಟ ಕಲಿಸುತ್ತಾರೆ, ಅವಳು ತಪ್ಪಿದರೆ ಬೈಯುತ್ತಾರೆ, ತಾವು ತಪ್ಪಿದರೆ ಬಿಸಿಲನ್ನು ಬೈಯುತ್ತಾರೆ. ಪಕ್ಕದ ಮನೆಯವರೂ ನೆಮ್ಮದಿಯಾಗಿದ್ದಾರೆ, ಗೋಡೆಗೆ ಚೆಂಡು ಬಡಿಯುವ ಸದ್ದು ನಿಂತಿದೆ.

ನೀತಿ: ಹಿರಿಯರನ್ನು ಕುರ್ಚಿಯಲ್ಲಿ ಕೂರಿಸಿದರೆ ಗೌರವ ಪೂರ್ತಿಯಾಗುವುದಿಲ್ಲ, ಕೆಲಸದಲ್ಲಿ ಅವರ ಪಾಲನ್ನು ಅವರಿಗೆ ಬಿಟ್ಟುಕೊಡಬೇಕು. ಅವರು ಒಮ್ಮೆ ತಪ್ಪಿದ ಮೇಲೂ ಆ ಪಾಲನ್ನು ಕಿತ್ತುಕೊಳ್ಳದಿರುವುದೇ ನಿಜವಾದ ನಂಬಿಕೆ.